ಆ ವರ್ಷ ಹಡಗು ಬರಲಿಲ್ಲ

ಬಟ್ಟೆ ಯಾವ ನೀರಿನಲ್ಲಿ ನೆಂದಿದೆ ಎಂದು ಅಜ್ಜಿ ಬೆರಳಲ್ಲಿ ಉಜ್ಜಿಯೇ ಹೇಳಿಬಿಡುತ್ತಿದ್ದಳು. ಐವತ್ತು ವರ್ಷಕ್ಕೂ ಮಿಕ್ಕಿ ಲಾಂಡ್ರಿ ನಡೆಸಿದ ಕೈ ಅದು. ಆ ಬುಧವಾರ ಬೆಳಿಗ್ಗೆ ಮೊಮ್ಮಗಳ ಚೀಲದ ತಳದಿಂದ ಒಂದು ಟವೆಲ್ ಎಳೆದು, ಅದರ ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿ, ಮೂಗಿಗೆ ಹಿಡಿದು, ಕೊನೆಗೆ ನಾಲಗೆಯ ತುದಿಗೂ ತಾಗಿಸಿ ನೋಡಿದಳು. ಆಮೇಲೆ ಅದನ್ನು ನೀಟಾಗಿ ಮಡಚಿ, ತಿಂಡಿಯ ಮೇಜಿನ ಮೇಲೆ ಚಹಾದ ಲೋಟಗಳ ನಡುವೆ ಇಟ್ಟಳು.

"ಇದು ಸಮುದ್ರದ ನೀರು" ಅಂದಳು.

ಮೇಜಿನ ಸುತ್ತ ಇದ್ದವರು ನಾಲ್ಕೇ ಜನ. ಎಪ್ಪತ್ತೆರಡು ತುಂಬಿದ ಅಜ್ಜಿ. ಅವಳ ಒಬ್ಬಳೇ ಮಗಳು. ಬಟ್ಟೆಗೆ ಗಂಜಿ ಹಾಕುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಇಡೀ ಓಣಿ ಅವಳನ್ನು ಗಂಜಿಯಕ್ಕ ಎಂದೇ ಕರೆಯುತ್ತಿತ್ತು, ಸ್ವಂತ ಹೆಸರು ಕಾಗದಪತ್ರಕ್ಕಷ್ಟೇ ಉಳಿದಿತ್ತು. ಗಂಜಿಯಕ್ಕನ ಗಂಡ, ಮನೆ ಅಳಿಯನಾಗಿ ಬಂದು ಇಪ್ಪತ್ತೆರಡು ವರ್ಷದಿಂದ ಲಾಂಡ್ರಿಯ ವ್ಯಾನು ಓಡಿಸುತ್ತಿದ್ದವನು. ಮತ್ತೆ ಅವರ ಮಗಳು. ವಯಸ್ಸು ಇಪ್ಪತ್ತೊಂದಾದರೂ ಮನೆಯಲ್ಲಿ ಇನ್ನೂ ಮರಿ.

ಮರಿ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಟ್ಟೆಯಲ್ಲಿಟ್ಟಳು. "ಹೌದು ಅಜ್ಜಿ."

"ಎಷ್ಟು ದಿನದಿಂದ?"

"ಎಂಟು ತಿಂಗಳು."

"ಬಣ್ಣದ ಅಂಗಡೀಲಿ ಸಂಜೆ ಹೆಚ್ಚಿನ ಕೆಲಸ ಅಂತಿದ್ದೆ."

"ಸುಳ್ಳು ಹೇಳಿದ್ದೆ. ಅಲೆತಡೆ ಗೋಡೆ ಒಳಗಡೆ ಈಜು ಕಲೀತಿದ್ದೆ. ಈ ವಾರ ನಾನೇ ಹೇಳೋಳಿದ್ದೆ." ಮರಿ ಉಸಿರೆಳೆದುಕೊಂಡಳು. "ಬಂದರಿನ ರಕ್ಷಣಾ ದೋಣೀಲಿ ಕೆಲಸ ಸಿಕ್ಕಿದೆ. ಇಪ್ಪತ್ತೆರಡು ಜನ ಪರೀಕ್ಷೆಗೆ ಹೋಗಿದ್ವಿ, ನಾಲ್ಕು ಜನರನ್ನ ತಗೊಂಡ್ರು. ಸೋಮವಾರದಿಂದ ಹೋಗ್ಬೇಕು."

ಅಜ್ಜಿ ಎದ್ದು ತನ್ನ ತಟ್ಟೆಯನ್ನು ತೊಳೆಯುವ ತೊಟ್ಟಿಗೆ ಹಾಕಿದಳು. ಅರ್ಧ ಊಟ ಬಿಟ್ಟು ಏಳುವವಳೇ ಅಲ್ಲ ಅವಳು. "ಈ ಮನೇಲಿ ಯಾರೂ ನೀರಿಗಿಳಿಯಲ್ಲ" ಅಂದಳು, ಗೋಡೆಗೆ ಹೇಳುವ ಹಾಗೆ. "ನನ್ನ ಮಗಳು ಇಳಿದಿಲ್ಲ. ನೀನೂ ಇಳಿಯಲ್ಲ."

"ಇಳಿದಾಗಿದೆ ಅಜ್ಜಿ."

ಆ ಮನೆ ಬಂದರಿನ ಹಿಂದಿನ ಓಣಿಯಲ್ಲಿತ್ತು. ಕೆಳಗೆ ಲಾಂಡ್ರಿ, ಮೇಲೆ ಎರಡು ಕೋಣೆ, ಅದರ ಮೇಲೆ ತಾರಸಿ. ತಾರಸಿಯಲ್ಲಿ ಒಂಬತ್ತು ಸಾಲು ತಂತಿ. ಹಡಗಿನವರ ಹಾಸಿಗೆಬಟ್ಟೆ ಒಣಹಾಕಿದರೆ ಸಮುದ್ರ ಮರೆಯಾಗುತ್ತಿತ್ತು, ತೆಗೆದರೆ ಕಣ್ಣ ತುಂಬ ಸಮುದ್ರವೇ. ಅಜ್ಜಿಯ ಅಪ್ಪ ಶುರು ಮಾಡಿದ ಲಾಂಡ್ರಿ ಹಡಗಿನ ಬಟ್ಟೆಯಿಂದಲೇ ಮೂರು ತಲೆಮಾರಿಗೆ ಅನ್ನ ಹಾಕಿತ್ತು. ಆದರೆ ಮರಿಗಿಂತ ಮುಂಚೆ ಮನೆಯವರಲ್ಲಿ ಒಬ್ಬರೂ ಪಾದದ ಗಂಟಿನಷ್ಟು ನೀರಿಗೂ ಇಳಿದವರಲ್ಲ.

ಕಾರಣ ಎಲ್ಲರಿಗೂ ಗೊತ್ತಿತ್ತು. ಗಂಜಿಯಕ್ಕನಿಗೆ ಹಾಲಿನ ಜೊತೆಗೇ ಕುಡಿಸಿದ ಕಥೆ ಅದು. ಅಜ್ಜಿಗೆ ಒಂಬತ್ತು ವರ್ಷವಾಗಿದ್ದಾಗ, ಐದು ವರ್ಷದ ತಮ್ಮನ ಕೈ ಹಿಡಿದು ಬಂದರಿನ ಮೆಟ್ಟಿಲ ಮೇಲೆ ನಿಂತಿದ್ದಳು. ದೂರದಲ್ಲಿ ದೊಡ್ಡ ಬಿಳಿ ಹಡಗು ಬರುತ್ತಿತ್ತು. ಅದನ್ನು ನೋಡುವ ಆಸೆಗೆ ತಮ್ಮನ ಕೈ ಬಿಟ್ಟಳು. ತಿರುಗಿ ನೋಡುವಷ್ಟರಲ್ಲಿ ತಮ್ಮ ಇರಲಿಲ್ಲ. ಕಥೆ ಅಷ್ಟೇ. ಅಜ್ಜಿ ಅದನ್ನು ಅತ್ತು ಹೇಳಿದ್ದು ಯಾರೂ ಕಂಡಿಲ್ಲ. ಬಟ್ಟೆಗೆ ಗುರುತು ಹಾಕುವಷ್ಟೇ ಸಲೀಸಾಗಿ ಹೇಳುತ್ತಿದ್ದಳು. "ನಾನು ಹಡಗು ನೋಡ್ದೆ, ಅವನು ಹೋದ."

ಗಂಜಿಯಕ್ಕ ಶಾಲೆಯಲ್ಲಿದ್ದಾಗ ಒಮ್ಮೆ ತರಗತಿಯ ಮಕ್ಕಳನ್ನೆಲ್ಲ ಕಡಲ ತೀರಕ್ಕೆ ಕರೆದುಕೊಂಡು ಹೋಗಿದ್ದರು. ಅವಳನ್ನು ಕಳಿಸಲಿಲ್ಲ. ಮಾರನೆಯ ದಿನ ಎಲ್ಲರೂ 'ಸಮುದ್ರದಲ್ಲಿ ಒಂದು ದಿನ' ಎಂದು ಪ್ರಬಂಧ ಬರೆಯಬೇಕಾಯಿತು. ಪಕ್ಕದವಳ ಕೂದಲಲ್ಲಿ ಇನ್ನೂ ಮರಳಿತ್ತು. ಗಂಜಿಯಕ್ಕ ಊಹೆಯ ಮೇಲೆ ಎರಡು ಪುಟ ಬರೆದಳು. ತರಗತಿಗೇ ಹೆಚ್ಚು ಅಂಕ ಅವಳಿಗೇ ಬಂತು. ಟೀಚರು ಅದನ್ನು ಎಲ್ಲರೆದುರು ಓದಿಸಿದಾಗ ಕಿವಿ ಕೆಂಪಗಾಗಿತ್ತು. ಮೂವತ್ತಾರು ವರ್ಷವಾದರೂ ಆ ಕೆಂಪು ಅವಳಿಗೆ ಮರೆತಿರಲಿಲ್ಲ.

ಸೋಮವಾರ ಮರಿ ಕೆಲಸಕ್ಕೆ ಹೋದಳು. ಅಜ್ಜಿ ಅವಳೊಂದಿಗೆ ಮಾತು ಬಿಟ್ಟಳು. ಹೇಳಬೇಕಾದ್ದು ಇದ್ದರೆ ಅಳಿಯನ ಮೂಲಕ.

"ಅಳಿಯಂದ್ರೇ, ಆ ಹುಡುಗಿಗೆ ಹೇಳಿ, ಮೊಟ್ಟೆ ಆರ್ತಾ ಇದೆ."

"ಮರಿ, ಮೊಟ್ಟೆ ಆರ್ತಾ ಇದೆಯಂತೆ."

"ಅಪ್ಪ, ಅಜ್ಜಿಗೆ ಹೇಳು, ಬಂದೆ ಅಂತ."

"ಬಂದಳಂತೆ ಅತ್ತೆ." ಅವನು ಹೆಂಡತಿಯ ಕಡೆ ತಿರುಗಿದ. "ಮದುವೆ ಟೈಮಲ್ಲಿ ವ್ಯಾನ್ ಓಡಿಸ್ಬೇಕು ಅಂತ ಮಾತ್ರ ಹೇಳಿದ್ರಿ. ಟೆಲಿಫೋನ್ ಕಂಬ ಆಗ್ಬೇಕು ಅಂತ ಯಾರೂ ಹೇಳಿರ್ಲಿಲ್ಲ."

ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಬಂದರು ಕಚೇರಿಯ ಸಮವಸ್ತ್ರಗಳು ಪ್ರತಿ ಮಂಗಳವಾರ ಲಾಂಡ್ರಿಗೆ ಬರುತ್ತಿದ್ದವು. ಲಾಂಡ್ರಿಯ ಮೂರರಲ್ಲೊಂದು ಪಾಲು ಕೆಲಸ ಅದೇ. ಆ ಮಂಗಳವಾರ ಗಂಟುಗಳನ್ನು ಇಳಿಸಿದಾಗ ಅಜ್ಜಿ ತೊಟ್ಟಿಯಿಂದ ಕೈ ಹೊರತೆಗೆದು ಸೆರಗಿಗೆ ಒರೆಸಿಕೊಂಡಳು.

"ಆ ಕಚೇರಿ ಬಟ್ಟೆ ನಾನು ಮುಟ್ಟಲ್ಲ."

"ಅಮ್ಮ, ಇದ್ರಲ್ಲಿ ಎಂಬತ್ತು ಜೊತೆ ಇದೆ. ನಾನೊಬ್ಬಳೇ ಹೇಗೆ ಮಾಡ್ಲಿ?"

"ಮಗಳನ್ನ ಮನೇಲಿ ಕೂರಿಸ್ಕೋ. ಅವಳು ಮಾಡ್ತಾಳೆ."

ಗಂಜಿಯಕ್ಕ ಹಲ್ಲು ಕಚ್ಚಿಕೊಂಡು ಎಂಬತ್ತು ಜೊತೆಯನ್ನೂ ತಾನೇ ಮಾಡಿದಳು. ಯಂತ್ರ ಒಗೆದುಕೊಟ್ಟರೂ ಕಾಲರು, ತೋಳು ಕೈಯಲ್ಲೇ ಉಜ್ಜಬೇಕು. ಮೂರನೆಯ ಗಂಟಿನಲ್ಲಿ ಕಿತ್ತಳೆ ಬಣ್ಣದ ಒಂದು ಸಣ್ಣ ಅಂಗಿ ಸಿಕ್ಕಿತು. ಬೆನ್ನಿನ ಮೇಲೆ ಹತ್ತೊಂಬತ್ತು ಎಂಬ ಸಂಖ್ಯೆ. ತೋಳಿನ ಅಳತೆ ನೋಡಿಯೇ ಯಾರದೆಂದು ತಿಳಿಯಿತು. ಹೊಲಿಗೆಗಳಲ್ಲಿ ಉಪ್ಪು ಗಟ್ಟಿಯಾಗಿತ್ತು. ಮೂರು ನೀರಿನಲ್ಲಿ ಜಾಲಿಸಿದಳು.

ಆ ಸಂಜೆ ಇಸ್ತ್ರಿ ಮೇಜಿನ ಬಳಿ ಮರಿಯನ್ನು ಹಿಡಿದಳು. "ಬಿಟ್ಟುಬಿಡು ಮರಿ. ಬಣ್ಣದ ಅಂಗಡೀಲಿ ಏನು ಕಡಿಮೆ ಆಗಿತ್ತು? ಅಜ್ಜಿ ವಯಸ್ಸಾದೋಳು. ಅವಳಿಗೆ ಬೇಡ."

ಮರಿ ಅಮ್ಮ ಇಸ್ತ್ರಿ ಮಾಡಿದ್ದನ್ನು ಮಡಚುತ್ತಾ ಹೋದಳು. "ನಿನಗೆ ಬೇಡ್ವಾ, ಅಜ್ಜಿಗೆ ಬೇಡ್ವಾ? ಅದನ್ನ ಸರಿಯಾಗಿ ಹೇಳು."

"ಎರಡೂ ಒಂದೇ."

"ಒಂದೇ ಅಲ್ಲಮ್ಮ. ಅಜ್ಜಿಗೆ ಬೇಡ ಅನ್ನೋಕೆ ಒಂದು ಕಾರಣ ಇದೆ. ನಿನ್ನ ಕಾರಣ ಏನು?"

ಗಂಜಿಯಕ್ಕ ಬಾಯಿ ತೆರೆದಳು. ಇಸ್ತ್ರಿಪೆಟ್ಟಿಗೆ ಒಂದೇ ಕಡೆ ನಿಂತು ಬಟ್ಟೆ ಸೀಯುವ ವಾಸನೆ ಬಂತು. ಪೆಟ್ಟಿಗೆ ಎತ್ತಿಟ್ಟು, "ಹೋಗು, ಕೈ ಕಾಲು ತೊಳ್ಕೋ" ಅಂದಳು.

ಮೂರನೆಯ ವಾರ ಆ ಘಟನೆ ನಡೆಯಿತು. ಮಧ್ಯಾಹ್ನ ಸರಕಿನ ದೋಣಿಯೊಂದರಿಂದ ಕೆಲಸಗಾರನೊಬ್ಬ ಜಾರಿ ನೀರಿಗೆ ಬಿದ್ದ. ರಕ್ಷಣಾ ದೋಣಿ ಬಂದರಿನ ಆಚೆ ತುದಿಯಲ್ಲಿತ್ತು. ಬರುವಷ್ಟರಲ್ಲಿ ಹತ್ತು ನಿಮಿಷ ದಾಟಿತ್ತು. ಮರಿ ಎರಡನೆಯ ಸಲ ಮುಳುಗು ಹಾಕಿದಾಗ ಅವನು ಅವಳ ಕೈಗೇ ಸಿಕ್ಕ. ಉಸಿರು ಮಾತ್ರ ಇರಲಿಲ್ಲ.

ಸಂಜೆ ಅವಳು ಮನೆಗೆ ಬಂದು ಮೇಲೆ ಹತ್ತಲಿಲ್ಲ. ಲಾಂಡ್ರಿಯಲ್ಲೇ ಒಗೆಯದ ಗಂಟುಗಳ ಮೇಲೆ ಕೂತಳು. ಗಂಜಿಯಕ್ಕ ಊಟ ತಂದಿಟ್ಟಳು. ಅವಳು ತಟ್ಟೆಯನ್ನು ನೋಡಲೂ ಇಲ್ಲ. ಅಪ್ಪ ಪಕ್ಕದಲ್ಲಿ ಕೂತು ಬೆನ್ನಿನ ಮೇಲೆ ಕೈಯಿಟ್ಟ. ಅಷ್ಟರಲ್ಲಿ ಅಜ್ಜಿ ಮೆಟ್ಟಿಲಿಳಿದು ಬಂದಳು. ಸುದ್ದಿ ಓಣಿಗೆಲ್ಲ ಆಗಲೇ ಹಬ್ಬಿತ್ತು. ಮೂರು ವಾರದಲ್ಲಿ ಮೊದಲ ಸಲ ಮೊಮ್ಮಗಳ ಮುಖ ನೋಡಿ ಮಾತಾಡಿದಳು.

"ಇದಕ್ಕೇ ಹೇಳಿದ್ದು ನಾನು. ನೀರಿನ ಸಹವಾಸ ಮಾಡಿದ್ರೆ ಹೀಗೇ."

ಮರಿ ತಲೆ ಎತ್ತಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಅಜ್ಜಿ, ನಾವು ಹೋಗೋ ಮುಂಚೆ ದಕ್ಕೆ ಕಟ್ಟೆ ಮೇಲೆ ಹನ್ನೆರಡು ಜನ ನಿಂತಿದ್ರು. ಎಲ್ಲಾ ಗಟ್ಟಿಮುಟ್ಟಾದ ಗಂಡಸರು. ಅವನು ಕೈ ಎತ್ತಿ ಎತ್ತಿ ಕರೀತಿದ್ನಂತೆ. ಒಬ್ಬ ಹಗ್ಗ ಹುಡುಕೋಕೆ ಓಡಿದ. ಉಳಿದೋರು ನಿಂತು ನೋಡಿದ್ರು. ಒಬ್ಬರಿಗೂ ಈಜು ಬರ್ತಿರ್ಲಿಲ್ಲ. ಸಮುದ್ರದ ಪಕ್ಕದಲ್ಲೇ ಹುಟ್ಟಿದೋರು, ಒಬ್ಬರಿಗೂ ಬರ್ತಿರ್ಲಿಲ್ಲ."

ಅಜ್ಜಿಯ ಕೈ ಅಲ್ಲೇ ಇದ್ದ ಕಂಬವನ್ನು ಹಿಡಿಯಿತು. ಮುಖದ ಬಣ್ಣ ಹೋಗಿತ್ತು. ಏನೋ ಕೇಳಬೇಕು ಎನ್ನುವ ಹಾಗೆ ತುಟಿ ಅಲುಗಿತು. ಹಿಂತಿರುಗಿ ಒಂದೊಂದೇ ಮೆಟ್ಟಿಲು ಹತ್ತಿ ಹೋದಳು.

ಗಂಜಿಯಕ್ಕ ಅದನ್ನು ನೋಡಿದಳು. ಅಮ್ಮ ಸಿಟ್ಟಾದಾಗ ಹೇಗಿರುತ್ತಾಳೆ, ದುಃಖವಾದಾಗ ಹೇಗಿರುತ್ತಾಳೆ, ಎರಡೂ ಅವಳಿಗೆ ಗೊತ್ತು. ಇದು ಎರಡೂ ಅಲ್ಲ. ಎಲ್ಲೋ ಇಟ್ಟು ಮರೆತ ವಸ್ತು ಕಾಲಿಗೆ ತಾಗಿದವರ ಮುಖ ಅದು. ಅಜ್ಜಿಯ ತಮ್ಮ ಹೋದ ಆ ದಿನದ ಬಗ್ಗೆ ಕೇಳಬಹುದಾದವರು ಇನ್ನೊಬ್ಬರೇ ಇದ್ದರು: ಅಜ್ಜಿಯ ಅಕ್ಕ, ಗಂಜಿಯಕ್ಕನ ದೊಡ್ಡಮ್ಮ.

ದೊಡ್ಡಮ್ಮ ಊರಿನ ಮೇಲ್ಭಾಗದಲ್ಲಿ, ಗುಡ್ಡದ ಮೇಲಿನ ವಸತಿಯ ಮೂರನೆಯ ಮಹಡಿಯಲ್ಲಿ ಮಗನ ಮನೆಯಲ್ಲಿದ್ದಳು. ಎಪ್ಪತ್ತಾರು ವರ್ಷ. ಒಂದು ಕಣ್ಣಿನ ಆಪರೇಷನ್ ಆಗಿತ್ತು, ಇನ್ನೊಂದನ್ನು ಮಾಡಿಸಲು ಒಪ್ಪಿರಲಿಲ್ಲ. "ಒಂದರಲ್ಲಿ ಕಾಣೋದೇ ಸಾಕಾಗಿದೆ" ಅನ್ನುತ್ತಿದ್ದಳು. ಗಂಜಿಯಕ್ಕ ಹೋದಾಗ ಕಿಟಕಿಯ ಬಳಿ ಕೂತು ಬಟಾಣಿ ಸುಲಿಯುತ್ತಿದ್ದಳು.

"ಬಾ, ಕೂತ್ಕೋ. ಕೈ ಖಾಲಿ ಇಟ್ಕೋಬೇಡ" ಎಂದು ಅರ್ಧ ಬಟಾಣಿ ಅವಳ ಮಡಿಲಿಗೆ ಸುರಿದಳು.

ಗಂಜಿಯಕ್ಕ ಮರಿಯ ಕೆಲಸದ ವಿಷಯ, ಅಮ್ಮ ಮಾತು ಬಿಟ್ಟದ್ದು, ಹನ್ನೆರಡು ಜನ ನಿಂತು ನೋಡಿದ್ದು, ಅದನ್ನು ಕೇಳಿ ಅಮ್ಮನ ಮುಖ ಬಿಳಚಿಕೊಂಡದ್ದು ಎಲ್ಲ ಹೇಳಿದಳು. "ದೊಡ್ಡಮ್ಮ, ಆ ದಿನ ನೀನೂ ಇದ್ದೆಯಂತಲ್ಲ. ಏನಾಯ್ತು?"

"ನಿಮ್ಮಮ್ಮ ಹೇಳಿದಾಳಲ್ಲ."

"ಅವಳು ಹೇಳಿದ್ದು ಗೊತ್ತು. ನೀನು ನೋಡಿದ್ದು ಹೇಳು."

ದೊಡ್ಡಮ್ಮ ಒಂದು ಬಟಾಣಿ ಬಿಡಿಸಿದಳು. ಇನ್ನೊಂದು ಬಿಡಿಸಿದಳು.

"ಅವಳು ಹಡಗೂ ನೋಡಲಿಲ್ಲ, ಗಿಡಗೂ ನೋಡಲಿಲ್ಲ" ಅಂದಳು ಕೊನೆಗೆ. "ತಮ್ಮ ಪಾಚಿ ಮೇಲೆ ಕಾಲಿಟ್ಟ, ಜಾರಿದ. ಅವಳು ಕೈ ಬಿಟ್ಟಿರ್ಲಿಲ್ಲ, ಕೈಯೇ ಕಿತ್ಕೊಂಡು ಹೋಯ್ತು. ಇವಳು ಕೊನೇ ಮೆಟ್ಟಿಲಿಗೆ ಓಡಿ, ಹೊಟ್ಟೆ ಮೇಲೆ ಮಲಗಿ, ಲಂಗ ಬಿಚ್ಚಿ ಅದರ ತುದಿ ಎಸೆದಳು. ಅವನು ಒಂದು ಸಲ ಹಿಡ್ಕೊಂಡ. ನಾನು ಕಣ್ಣಾರೆ ನೋಡಿದೀನಿ. ಆಮೇಲೆ ಬಿಟ್ಟ. ಇವಳು ಅವನ ಹಿಂದೆನೇ ನೀರಿಗೆ ಹಾರಿದಳು. ಕುತ್ತಿಗೆ ತನಕ ಹೋಗಿದ್ಲು. ಯಾರೋ ಜಡೆ ಹಿಡಿದು ಎಳೆದು ಹಾಕಿದ್ರು."

"ಮತ್ತೆ ಹಡಗು?"

"ಹಡಗು ಅಪ್ಪ ಮಾಡಿದ್ದು." ದೊಡ್ಡಮ್ಮನ ದನಿ ತಗ್ಗಿತು. "ಆ ಬೇಸಿಗೆ ಪಕ್ಕದ ಮನೆ ದೋಣಿಯವನ ಹೆಂಡತಿ, ಮೂರೂ ಮಕ್ಕಳಿಗೆ ಈಜು ಕಲಿಸ್ತೀನಿ ಅಂತ ತಾನಾಗಿ ಬಂದು ಕೇಳಿದ್ಲು. ನಮ್ಮ ಮನೆ ಮಕ್ಕಳು ಮೀನಲ್ಲ ಅಂತ ಅಪ್ಪ ಬೈದು ಕಳಿಸಿದ. ಹುಡುಗಿ ನೀರಿಗೆ ಹಾರಿದ್ಲು, ಈಜು ಬರ್ಲಿಲ್ಲ ಅಂದ್ರೆ ತಪ್ಪು ಯಾರದಾಗುತ್ತೆ ಹೇಳು. ಅವಳು ಹಡಗು ನೋಡ್ತಾ ನಿಂತಿದ್ಲು ಅಂದ್ರೆ ಅವಳದ್ದೇ ಆಗುತ್ತೆ. ಅಪ್ಪ ಬಂದವರಿಗೆಲ್ಲ ಅದನ್ನೇ ಹೇಳಿದ. ವಾರಗಟ್ಟಲೆ ಜ್ವರದಲ್ಲಿ ಮಲಗಿದ್ದ ಇವಳ ಕಿವಿಗೂ ಅದೇ ಬಿತ್ತು. ಎದ್ದ ಮೇಲೆ ತಾನೂ ಅದನ್ನೇ ಹೇಳೋಕೆ ಶುರು ಮಾಡಿದ್ಲು."

"ನೀನು ಸುಮ್ಮನಿದ್ದೆಯಾ?"

"ಹದಿಮೂರು ವರ್ಷ ನನಗೆ. ಆ ಮನೇಲಿ ಅಪ್ಪನ ಮಾತಿಗೆ ಅಲ್ಲ ಅನ್ನೋ ಬಾಯಿ ಯಾರಿಗಿತ್ತು?" ದೊಡ್ಡಮ್ಮ ಸಿಪ್ಪೆಗಳನ್ನು ಒಟ್ಟುಮಾಡುತ್ತಾ ಕೂತಳು. "ಅದೂ ಪೂರ್ತಿ ನಿಜ ಅಲ್ಲ. ನಾನು ಮೇಲಿನ ಮೆಟ್ಟಿಲ ಮೇಲೆ ಬಟ್ಟೆ ಗಂಟು ಹೊತ್ಕೊಂಡು ನಿಂತಿದ್ದೆ. ಇಸ್ತ್ರಿಯಾದ ಬಟ್ಟೆ. ಒದ್ದೆ ನೆಲದ ಮೇಲೆ ಇಡಬಾರ್ದು ಅಂತ ಅಪ್ಪ ಹೇಳಿದ್ದ. ತಮ್ಮ ಮುಳುಗ್ತಿದಾನೆ, ತಂಗಿ ಕಿರುಚ್ತಿದಾಳೆ, ನಾನು ಗಂಟು ಹಿಡ್ಕೊಂಡೇ ನಿಂತಿದ್ದೆ. ಹಡಗಿನ ಕಥೆ ಬಂದ್ಮೇಲೆ ನನ್ನ ಗಂಟಿನ ಬಗ್ಗೆ ಯಾರೂ ಕೇಳಲಿಲ್ಲ. ನನಗೂ ಅನುಕೂಲವೇ ಆಯ್ತು."

ಗಂಜಿಯಕ್ಕ ಬಟಾಣಿಯ ಪಾತ್ರೆ ಕೆಳಗಿಟ್ಟಳು. "ಇದನ್ನ ನೀನೇ ಬಂದು ಅಮ್ಮನಿಗೆ ಹೇಳು."

"ಅರವತ್ತಮೂರು ವರ್ಷ ಆಯ್ತು ಕಣೇ. ಸತ್ತೋದವನು ಎದ್ದು ಬರ್ತಾನಾ?"

"ಬದುಕಿರೋಳು ಒಬ್ಬಳಿದಾಳೆ. ಭಾನುವಾರ ವ್ಯಾನ್ ಕಳಿಸ್ತೀನಿ."

"ಬರಲ್ಲ."

"ಬರ್ತೀಯ ದೊಡ್ಡಮ್ಮ. ಬರದಿದ್ರೆ ಮುಂದಿನ ಭಾನುವಾರ ಮತ್ತೆ ಕಳಿಸ್ತೀನಿ. ಅದರ ಮುಂದಿನ ಭಾನುವಾರವೂ. ಪೆಟ್ರೋಲ್ ದಂಡ ಆದ್ರೆ ನಮ್ಮದು ಆಗ್ಲಿ."

ಹಾಗೆ ಪಟ್ಟು ಹಿಡಿದು ಮಾತಾಡಿದ್ದು ಅವಳ ಜೀವನದಲ್ಲೇ ಮೊದಲು.

ಮೊದಲ ಭಾನುವಾರ ವ್ಯಾನು ಖಾಲಿ ಬಂತು. ಎರಡನೆಯ ಭಾನುವಾರ ದೊಡ್ಡಮ್ಮ ಬಟ್ಟೆ ಗಂಟುಗಳ ನಡುವೆ, ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತು ಬಂದಿಳಿದಳು. ಅಜ್ಜಿ ತಾರಸಿಯಿಂದ ಒಣಗಿದ ಬಟ್ಟೆ ತಂದು ಕೆಳಗೆ ವಿಂಗಡಿಸುತ್ತಿದ್ದಳು. ಅಕ್ಕನನ್ನು ನೋಡಿ ಸ್ಟೂಲು ತಳ್ಳಿದಳು. ದೊಡ್ಡಮ್ಮ ಕೂರಲಿಲ್ಲ. ನಿಂತೇ, ಗುಡ್ಡದ ಮನೆಯಲ್ಲಿ ಹೇಳಿದ್ದನ್ನೆಲ್ಲ ಹೇಳಿದಳು. ಗಂಟಿನ ವಿಷಯವನ್ನೂ ಬಿಡಲಿಲ್ಲ.

ಅಜ್ಜಿ ದಿಂಬಿನ ಚೀಲಗಳನ್ನು ಮಡಚುವುದನ್ನು ನಿಲ್ಲಿಸದೆ ಕೇಳಿದಳು. ಮುಗಿದ ಮೇಲೆ, "ನಿನಗೆ ಅರಳುಮರಳು" ಅಂದಳು. "ನನಗೆ ಚೆನ್ನಾಗಿ ನೆನಪಿದೆ. ಬಿಳಿ ಹಡಗು. ಮೂರು ಹೊಗೆ ಕೊಳವೆ."

"ಯಾವ ಹಡಗೇ? ಆ ವರ್ಷ ಬಂದರಿನಲ್ಲಿ ಕೂಲಿಯವರ ಮುಷ್ಕರ. ಎರಡು ತಿಂಗಳು ಒಂದು ಹಡಗೂ ಬರ್ಲಿಲ್ಲ. ಹಡಗಿನ ಬಟ್ಟೆ ಇಲ್ದೆ ಮನೇಲಿ ಒಲೆ ಉರೀತಿರ್ಲಿಲ್ಲ. ಅದಕ್ಕೇ ಅಲ್ವಾ ಅಪ್ಪ ಆಚೆ ದಡದ ಹೋಟೆಲ್ಲಿನ ಬಟ್ಟೆ ಹಿಡಿದಿದ್ದು? ಅದನ್ನ ದೋಣಿಗೆ ಹಾಕೋಕೆ ಅಲ್ವಾ ನಾವು ಮೂರು ಜನ ಆ ಮೆಟ್ಟಿಲಿಗೆ ಹೋಗಿದ್ದು? ಹಡಗು ಬರೋ ಹಾಗಿದ್ರೆ ನಾವು ಅಲ್ಲಿಗೆ ಯಾಕೆ ಹೋಗ್ತಿದ್ವಿ?"

ದಿಂಬಿನ ಚೀಲ ಅಜ್ಜಿಯ ಕೈಯಲ್ಲೇ ನಿಂತಿತು.

"ಹೋಟೆಲ್ ಬಟ್ಟೆ" ಅಂದಳು ಮೆಲ್ಲಗೆ. "ನೀಲಿ ಅಂಚು."

"ನೀಲಿ ಅಂಚೇ."

"ಹಬೆ ದೋಣಿಯವನು ತಡ ಮಾಡಿದ್ದ."

"ಹೌದು. ಕಾಯ್ತಾ ನಿಂತಿದ್ವಿ."

ಅಜ್ಜಿ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು, ಬೇರೆ ಯಾರದೋ ಕೈ ಎಂಬಂತೆ. "ಅವನು ಹಿಡ್ಕೊಂಡಿದ್ದ" ಅಂದಳು. "ಭಾರ ಬಂದಿತ್ತು." ಗಂಜಿಯಕ್ಕ ಹತ್ತಿರ ಹೋಗಲು ಹೆಜ್ಜೆ ಎತ್ತಿದಳು, ಅಜ್ಜಿ ಕೈಯಡ್ಡ ಹಿಡಿದು ತಡೆದಳು. ಅವಳ ಕಣ್ಣು ಅಕ್ಕನ ಮೇಲೇ ಇತ್ತು.

"ಅಪ್ಪ ಹೇಳಿದ, ಸರಿ. ಅಪ್ಪ ಸತ್ತು ನಲವತ್ತು ವರ್ಷ ಆಯ್ತು. ಆಮೇಲೆ ನಿನ್ನ ಬಾಯಿ ಯಾರು ಹೊಲಿದಿದ್ರು?"

ದೊಡ್ಡಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಹೋಗು" ಅಂದಳು ಅಜ್ಜಿ. "ಅಳಿಯಂದ್ರೇ, ಇವಳನ್ನ ಮನೆಗೆ ಬಿಟ್ಟು ಬನ್ನಿ."

ಒಂದು ಲೋಟ ಚಹಾ ಕೂಡ ಕುಡಿಯದೆ ದೊಡ್ಡಮ್ಮ ವ್ಯಾನು ಹತ್ತಿದಳು.

ಆ ವಾರವಿಡೀ ಅಜ್ಜಿ ಮೈಮೇಲೆ ಬಂದವಳ ಹಾಗೆ ಕೆಲಸ ಮಾಡಿದಳು. ಯಂತ್ರವಿದ್ದರೂ ಕಲ್ಲಿನ ಮೇಲೆ ಒಗೆದಳು. ಮಂಗಳವಾರದ ಗಂಟು ಬಂದಾಗ ಏನೂ ಹೇಳದೆ ಬಂದರು ಕಚೇರಿಯ ಬಟ್ಟೆಗೂ ಕೈ ಹಾಕಿದಳು. ಊಟಕ್ಕೆ ಕೂತಾಗ ಯಾರೂ ಅವಳನ್ನು ಮಾತಾಡಿಸುವ ಧೈರ್ಯ ಮಾಡಲಿಲ್ಲ. ಅಳಿಯ ಕೂಡ ಬಾಯಿಗೆ ಬೀಗ ಹಾಕಿಕೊಂಡಿದ್ದ. ಶುಕ್ರವಾರ ಬೆಳಿಗ್ಗೆ ಅನ್ನ ಕಲಸುತ್ತಿದ್ದವಳು ತಲೆ ಎತ್ತದೆ ಕೇಳಿದಳು.

"ಮುಳುಗದೆ ತೇಲೋಕೆ ನಿನಗೆ ಎಷ್ಟು ದಿನ ಬೇಕಾಯ್ತು ಪುಟ್ಟಿ?"

ಪುಟ್ಟಿ ಎಂದರೆ ಮರಿಯೇ. ಅಜ್ಜಿ ಹಾಗೆ ಕರೆದು ತಿಂಗಳು ಮೀರಿತ್ತು. ಮರಿ ಅಪ್ಪನ ಕಡೆ ನೋಡಿದಳು. ಅವನು ನೀನೇ ಹೇಳು ಎಂದು ಹುಬ್ಬು ಹಾರಿಸಿದ.

"ಹನ್ನೊಂದು ದಿನ ಅಜ್ಜಿ."

"ಒಂಬತ್ತು ವರ್ಷದ ಹುಡುಗಿಗಾದ್ರೆ?"

"ಮಕ್ಕಳು ಬೇಗ ಕಲೀತಾರೆ. ಒಂದು ವಾರ ಸಾಕು."

"ವಾರ" ಅಂದಳು ಅಜ್ಜಿ. ತಟ್ಟೆಯಲ್ಲಿದ್ದ ಅನ್ನವನ್ನು ಒಂದು ಕಾಳೂ ಬಿಡದೆ ಉಂಡಳು. ಉಂಡು ಕೈ ತೊಳೆದು, ಚಪ್ಪಲಿ ಮೆಟ್ಟಿ ಹೊರಟಳು.

ಅವಳು ಹೋದದ್ದು ಓಣಿಯ ಮನೆಮನೆಗೆ. ಐವತ್ತು ವರ್ಷ ಆ ಮನೆಗಳ ಹಾಸಿಗೆ ಚಾದರ ಒಗೆದವಳು. ಯಾರ ಮನೆಯಲ್ಲಿ ಎಷ್ಟು ಮಕ್ಕಳು, ಯಾವ ವಯಸ್ಸಿನವರು ಎಲ್ಲ ಲೆಕ್ಕ ಗೊತ್ತು. "ಭಾನುವಾರ ಬೆಳಿಗ್ಗೆ ಏಳಕ್ಕೆ ಬಂದರಿನ ಮೆಟ್ಟಿಲ ಹತ್ರ ಮಕ್ಕಳನ್ನ ಕಳಿಸು. ನನ್ನ ಮೊಮ್ಮಗಳು ಈಜು ಕಲಿಸ್ತಾಳೆ. ಟವೆಲ್ ನಮ್ಮದೇ" ಎಂದು ಬಾಗಿಲಲ್ಲೇ ನಿಂತು ಹೇಳಿದಳು. ಅವಳ ಕಥೆ ಗೊತ್ತಿದ್ದ ಹೆಂಗಸರು ಕಕ್ಕಾಬಿಕ್ಕಿಯಾದರು.

"ನೀವು ಹೇಳ್ತಿದೀರಾ ಅಜ್ಜಿ? ನೀವು?"

"ನಾನೇ. ಬೇರೆ ಯಾರು ಹೇಳ್ತಾರೆ?"

"ನಮ್ಮ ಹುಡುಗನಿಗೆ ಶೀತದ ಮೈ."

"ಶೀತ ಆದ್ರೆ ಮೂಗು ಒರೆಸಬಹುದು" ಎಂದು ಅಜ್ಜಿ ಮುಂದಿನ ಮನೆಗೆ ನಡೆದಳು.

ಮರಿಗೆ ಈ ಏರ್ಪಾಡು ತಿಳಿದದ್ದು ಸಂಜೆ, ಓಣಿಯ ಮಕ್ಕಳು ಬಂದು ಮುತ್ತಿಕೊಂಡಾಗಲೇ. "ನನ್ನ ಒಂದು ಮಾತು ಕೇಳ್ಬಾರ್ದಿತ್ತಾ ಅಜ್ಜಿ? ಭಾನುವಾರ ನನಗೆ ರಜೆ ಇರೋದೇ ಅದೊಂದು ದಿನ."

"ಗೊತ್ತು. ಅದಕ್ಕೇ ಭಾನುವಾರ ಅಂದೆ."

ಮರಿ ನಕ್ಕು, ಮಾರನೆಯ ದಿನವೇ ದೋಣಿಯ ಮೇಲ್ವಿಚಾರಕನನ್ನು ಕೇಳಿ ಹಗ್ಗ, ತೇಲುವ ಬೆಂಡು, ಎರಡು ರಬ್ಬರ್ ಟ್ಯೂಬು ತಂದಳು.

ಶನಿವಾರ ಸಂಜೆ ಟವೆಲುಗಳನ್ನು ಎಣಿಸಿ ಇಡುವಾಗ ಗಂಜಿಯಕ್ಕ ಒಂದು ಹೆಚ್ಚಿಗೆ ಇಟ್ಟಳು. ಅಜ್ಜಿ ಅದನ್ನು ಗಮನಿಸಿದಳು.

"ಇದು ಯಾರಿಗೆ?"

"ನನಗೆ." ಗಂಜಿಯಕ್ಕನ ಕಿವಿ ಬಿಸಿಯಾಯಿತು. "ನಲವತ್ತಾರು ಆಯ್ತು ನನಗೆ. ಇನ್ನೆಷ್ಟು ದಿನ ದಡದಲ್ಲಿ ನಿಲ್ಲೋದು?" ಅಮ್ಮ ಏನಾದರೂ ಹೇಳಿದರೆ ಕೊಡಬೇಕಾದ ಉತ್ತರ ಕೂಡ ಸಿದ್ಧವಾಗಿತ್ತು. ಹತ್ತು ವರ್ಷದವಳಾಗಿದ್ದಾಗಿನಿಂದ ಸಿದ್ಧವಾಗಿದ್ದ ಉತ್ತರ.

ಅಜ್ಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸಣ್ಣ ಟವೆಲ್ ಸಾಲಲ್ಲ ನಿನಗೆ. ದೊಡ್ಡದು ತಗೋ" ಅಂದಳು. ಆಮೇಲೆ ಅಳಿಯನ ಕಡೆ ತಿರುಗಿದಳು. "ನಾಳೆ ಬೆಳಿಗ್ಗೆ ಬೇಗ ಎದ್ದು ಗುಡ್ಡದ ಮೇಲೆ ಹೋಗಿ. ಅಕ್ಕನ್ನ ಕರ್ಕೊಂಡು ಬನ್ನಿ."

"ಮಾತಾಡ್ತೀರಾ ಅತ್ತೆ ಅವರ ಜೊತೆ?"

"ಮಾತು ಯಾರಿಗೆ ಬೇಕು? ಒಳಗೆ ಹೋದೋರು ಎಷ್ಟು, ಹೊರಗೆ ಬಂದೋರು ಎಷ್ಟು ಅಂತ ಲೆಕ್ಕ ಇಡೋಕೆ ಒಬ್ಬರು ಬೇಕು. ಅವಳಿಗೆ ಒಂದು ಕಣ್ಣು ಚೆನ್ನಾಗಿದೆ."

ಭಾನುವಾರ ಬೆಳಿಗ್ಗೆ ಬಿಸಿಲು ಎಳೆಯದಾಗಿತ್ತು. ಬಂದರಿನ ಒಳಗಿನ ನೀರು ಎಣ್ಣೆಯ ಹಾಗೆ ಅಲುಗದೆ ನಿಂತಿತ್ತು. ಕರೆದದ್ದು ಹದಿನೈದು ಮನೆಯವರನ್ನು, ಬಂದದ್ದು ಏಳು ಮಕ್ಕಳು. ಶೀತದ ಮೈಯ ಹುಡುಗನೂ ಬಂದಿದ್ದ. ಗಂಜಿಯಕ್ಕ ಗಂಡನ ಹಳೆಯ ಪ್ಯಾಂಟು ತೊಟ್ಟು, ಸೊಂಟಕ್ಕೆ ಹಗ್ಗ ಬಿಗಿದು ನಿಂತಿದ್ದಳು. ಆಳ ಕಡಿಮೆ ಇರುವ ಕಡೆ ಮರಿ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿದಳು. ಅಜ್ಜಿ ಕೆಳಗಿನಿಂದ ಮೂರನೆಯ ಮೆಟ್ಟಿಲಿಗೆ ಇಳಿದು ಗೂಟದ ಹಾಗೆ ನಿಂತಳು. ಪಾಚಿ ಕಟ್ಟಿದ ಕೊನೆಯ ಎರಡು ಮೆಟ್ಟಿಲುಗಳನ್ನು ಹಿಂದಿನ ಸಂಜೆಯೇ ಬಂದು ಬ್ರಷ್ಷಿನಿಂದ ತಾನೇ ಉಜ್ಜಿ ಹೋಗಿದ್ದಳು. ದೊಡ್ಡಮ್ಮ ಮೇಲಿನ ಮೆಟ್ಟಿಲಲ್ಲಿ ಟವೆಲುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅಕ್ಕತಂಗಿಯರ ನಡುವೆ ಐದು ಮೆಟ್ಟಿಲ ಅಂತರ.

ನೀರು ಗಂಜಿಯಕ್ಕ ಅಂದುಕೊಂಡದ್ದಕ್ಕಿಂತ ತಣ್ಣಗಿತ್ತು. ಸೊಂಟ ಮುಟ್ಟಿದಾಗ ಜೀವ ಬಾಯಿಗೆ ಬಂತು. ಪಕ್ಕದಲ್ಲಿ ಆರು ವರ್ಷದ ಹುಡುಗಿ ಬೆಂಡು ಹಿಡಿದು ಕಾಲು ಬಡಿಯುತ್ತಿದ್ದಳು. ಮರಿ ಅಮ್ಮನ ಬೆನ್ನಿನ ಕೆಳಗೆ ಎರಡೂ ಕೈಯಿಟ್ಟು, "ತಲೆ ಹಿಂದೆ ಹಾಕು. ಆಕಾಶ ನೋಡು. ಉಸಿರು ಬಿಗಿ ಹಿಡೀಬೇಡ" ಅಂದಳು. ಮೊದಲ ಸಲ ಮುಳುಗಿ ಮೂಗಿಗೆಲ್ಲ ಉಪ್ಪುನೀರು ಹೋಯಿತು. ಎರಡನೆಯ ಸಲವೂ. ಐದನೆಯ ಸಲ ಕೆಮ್ಮುತ್ತಾ ನಿಂತಾಗ ಮೆಟ್ಟಿಲ ಮೇಲಿಂದ ಅಜ್ಜಿಯ ದನಿ ಕೇಳಿತು.

"ಕಾಲು ಯಾಕೆ ಇಳಿಬಿಡ್ತೀಯ? ಚಾದರ ನೀರಿನ ಮೇಲೆ ಹಾಸಿದ ಹಾಗೆ ಮಲಗು."

ಚಾದರ ಹಾಸುವುದು ಗಂಜಿಯಕ್ಕನಿಗೆ ಗೊತ್ತಿದ್ದ ಕೆಲಸ. ತೋಳು ಬಿಡಿಸಿ, ಬೆನ್ನು ಹರವಿ ಮಲಗಿದಳು. ಕಿವಿ ನೀರೊಳಗೆ ಹೋಗಿ ಲೋಕದ ಸದ್ದೆಲ್ಲ ದೂರವಾಯಿತು. ಬೆನ್ನಿನ ಕೆಳಗಿದ್ದ ಮಗಳ ಕೈ ಯಾವಾಗ ಸರಿಯಿತೋ ತಿಳಿಯಲಿಲ್ಲ. ಮೇಲೆ ಆಕಾಶ, ಕೆಳಗೆ ಏನೂ ಇಲ್ಲ. ಪ್ರಬಂಧದಲ್ಲಿ ಬರೆದದ್ದರಲ್ಲಿ ಒಂದು ಸಾಲೂ ನಿಜವಿರಲಿಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು.

ಮಕ್ಕಳು ಒಬ್ಬೊಬ್ಬರಾಗಿ ಮೇಲೆ ಹತ್ತಿದರು. ದೊಡ್ಡಮ್ಮ ಒಬ್ಬೊಬ್ಬರ ತಲೆಗೂ ಟವೆಲ್ ಹಾಕಿ ಬೆರಳು ಮಡಚಿದಳು. ಎಲ್ಲರೂ ಬಂದ ಮೇಲೆ ಎದ್ದುನಿಂತು, ಒಂದೇ ಕಣ್ಣಿನಿಂದ ನೀರಿನ ಕಡೆ ನೋಡಿದಳು. ಇಡೀ ಬೆಳಿಗ್ಗೆಯಲ್ಲಿ ತಂಗಿಗೆ ಆಡಿದ ಮೊದಲ ಮಾತು ಅದು.

"ಕಲಿಯೋಕೆ ಒಳಗೆ ಹೋದೋರು ಎಂಟು. ಏಳೇ ಬಂದಿದಾರೆ ಕಣೇ."

ಗಂಜಿಯಕ್ಕ ಆಗಷ್ಟೇ ಹಗ್ಗ ಹಿಡಿದು ತಲೆ ಎತ್ತಿದ್ದಳು. ನೀರಿನ ಮೇಲೆ ಮಾತು ಸ್ಪಷ್ಟವಾಗಿ ಹಾಯ್ದು ಬಂತು. ಅಮ್ಮ ಏನೆನ್ನುತ್ತಾಳೋ ಎಂದು ಅವಳು ಹಗ್ಗ ಬಿಡದೆ ಕಾದಳು.

ಅಜ್ಜಿ ಮೂರನೆಯ ಮೆಟ್ಟಿಲಿಂದ ಕದಲಲಿಲ್ಲ. "ನೋಡ್ತಾ ಇದೀನಿ" ಅಂದಳು. "ಅವಳಿನ್ನೂ ಒಳಗಿದಾಳೆ. ಇರ್ಲಿ ಬಿಡು ಅಕ್ಕ."